ಸಾವಂತರ ತಲೆಯ ಮೇಲಿನ ಸೈಡ್‌ಬೋರ್ಡು

ನನ್ನ ನಿದ್ದೆ ಹೋದದ್ದು ಒಂದು ಭಾನುವಾರ ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷಕ್ಕೆ. ನಿದ್ದೆ ಹೋಗುವ ಹೊತ್ತೇ ಅದು ಎಂದು ನೀವು ಕೇಳಬಹುದು. ಆದರೆ ಸರಿಯಾಗಿ ಆ ನಿಮಿಷಕ್ಕೆ, ಮುಂಬಯಿಯ ಪರೇಲಿನ ನಮ್ಮ ಚಾಳಿನ ಎರಡನೇ ಮಾಳಿಗೆಯ ಎತ್ತರದಲ್ಲಿ ಹಗ್ಗಕ್ಕೆ ತೂಗುತ್ತಿದ್ದ ನನ್ನ ತೇಗದ ಸೈಡ್‌ಬೋರ್ಡು ಒಮ್ಮೆಲೇ ಓರೆಯಾಗಿ, ತನ್ನ ನಡುವಿನ ಡ್ರಾಯರನ್ನು ನಾಲಗೆಯಂತೆ ಚಾಚಿ ಕೆಳಗೆ ಉಗುಳಿತು. ಅಂಗಳದಲ್ಲಿದ್ದ ಬೆತ್ತದ ಕುರ್ಚಿ ಎರಡು ತುಂಡಾಯಿತು. ಅದರಲ್ಲಿ ಕುಳಿತು ಪೇಪರ್ ಓದುತ್ತಿದ್ದ ಸಾವಂತರು ಚಹಾದ ಲೋಟ ಇಡಲೆಂದು ಆಗಷ್ಟೇ ಎದ್ದಿದ್ದರು. ಮಿಲ್ಲಿನಿಂದ ನಿವೃತ್ತರಾದ ಈ ಮನುಷ್ಯ ನಮ್ಮ ಕೆಳಗಿನ ಖೋಲಿಯಲ್ಲಿ ಒಬ್ಬರೇ ಇರುತ್ತಾರೆ. ಕೈಯಲ್ಲಿ ಪೇಪರು ಹಿಡಿದೇ ಅವರು ಮೇಲೆ ನೋಡಿ, "ಅರೇ ರಾವ್, ಮಾರ್ ಡಾಲೋಗೇ ಕ್ಯಾ?" ಎಂದರು. ಕೊಂದೇ ಹಾಕುತ್ತೀಯಾ ಎಂದು.

ಸೈಡ್‌ಬೋರ್ಡು ಎಂದರೆ ಊಟದ ಕೋಣೆಯ ಗೋಡೆಗೆ ಒರಗಿ ನಿಲ್ಲುವ ಪಾತ್ರೆಪಗಡಿಯ ಬೀರು. ಊಟದ ಕೋಣೆಯಿದ್ದವರಿಗೆ ಇದನ್ನು ವಿವರಿಸಬೇಕಿಲ್ಲ. ನಮ್ಮದು ಒಂದೇ ಖೋಲಿ. ಹನ್ನೆರಡೂವರೆಗೆ ಅದು ಊಟದ ಕೋಣೆ, ಒಂದು ಗಂಟೆಗೆ ಮಲಗುವ ಕೋಣೆ, ಯಾರಾದರೂ ಬಾಗಿಲು ತಟ್ಟಿದರೆ ದಿವಾನಖಾನೆ. ಆದರೂ ನಾನು ಈ ವಸ್ತುವಿನ ಬಗ್ಗೆ ಲೈಬ್ರರಿಯಿಂದ ದಪ್ಪ ಪುಸ್ತಕ ತಂದು ಓದಿದ್ದೆ. ಮೊದಲಿಗೆ ಅದು ವಿಲಾಯತಿಯ ದೊರೆಗಳು ಬೆಳ್ಳಿ ತಟ್ಟೆಗಳನ್ನು ಮೆರೆಸಲು ಇಟ್ಟುಕೊಂಡ ಬರಿಯ ಹಲಗೆಯಂತೆ. ಆಮೇಲೆ ಅದಕ್ಕೆ ಸಪೂರ ಕಾಲು ಬಂತು, ಡ್ರಾಯರು ಬಂತು, ಹಿಂದೆ ಕನ್ನಡಿ ಬಂತು. ರಾಣಿಯ ಕಾಲಕ್ಕೆ ಆನೆಯಷ್ಟು ದಪ್ಪವಾಗಿ, ಹಡಗು ಹತ್ತಿ ಮುಂಬಯಿಗೂ ಬಂತು. ಇಲ್ಲಿಯ ಬಡಗಿಗಳು ವಿಲಾಯತಿ ದ್ರಾಕ್ಷಿ ಬಳ್ಳಿಯ ನಡುವೆ ನಮ್ಮ ಗಿಳಿಗಳನ್ನು ಕೂರಿಸಿದರು. ನಾನು ಕೊಂಡದ್ದು ಈ ಗಿಳಿಯ ಜಾತಿಯದು. ಮೇಲೆ ಅಮೃತಶಿಲೆ, ಅದರ ಹಿಂದೆ ಕನ್ನಡಿ. ಎಲ್ಲರೂ ಸನ್‌ಮೈಕಾ ಅಂಟಿಸಿದ ಹಲಗೆಗೆ ಮರುಳಾಗಿ ತೇಗವನ್ನು ಮಾರುತ್ತಿದ್ದ ಎಪ್ಪತ್ತರ ದಶಕದ ಆರಂಭದಲ್ಲಿ, ದಾದರಿನ ಒಬ್ಬ ಪಾರ್ಸಿ ಮುದುಕಿ ಮನೆ ಖಾಲಿ ಮಾಡುವಾಗ ನನಗೆ ಇದು ದಕ್ಕಿತು. ಆ ಪುಸ್ತಕದಲ್ಲಿ ಇನ್ನೊಂದು ಸಂಗತಿಯೂ ಇತ್ತು. ಹಿಂದಿನ ಕಾಲದ ಸೈಡ್‌ಬೋರ್ಡಿನ ಒಂದು ಕಪಾಟಿನಲ್ಲಿ ಒಂದು ಪಾತ್ರೆ ಇರುತ್ತಿತ್ತಂತೆ. ಊಟವಾಗಿ ಹೆಂಗಸರು ಎದ್ದುಹೋದ ಮೇಲೆ, ಕುಡಿಯುತ್ತ ಕುಳಿತ ದೊರೆಗಳು ಮೂತ್ರಕ್ಕೆಂದು ಹೊರಗೆ ಹೋಗುವ ಕಷ್ಟ ತೆಗೆದುಕೊಳ್ಳುತ್ತಿರಲಿಲ್ಲವಂತೆ. ಈ ಪುಟವನ್ನು ನಾನು ಮನೆಯಲ್ಲಿ ಯಾರಿಗೂ ಓದಿ ಹೇಳಲಿಲ್ಲ.

ಇಷ್ಟು ಹಟ ಯಾಕೆಂದರೆ, ಕೆಲಸಕ್ಕೆ ಸೇರಿದ ವರ್ಷ ನಮ್ಮ ಸಾಹೇಬರು ಆಫೀಸಿನವರನ್ನೆಲ್ಲ ಊಟಕ್ಕೆ ಕರೆದಿದ್ದರು. ಉಡುಪಿಯಿಂದ ಬಿ.ಎ. ಹಿಡಿದುಕೊಂಡು ಬಂದಿದ್ದ ನಾನು, ಗೋಡೆಯ ಬಳಿ ಭಕ್ಷ್ಯಗಳನ್ನು ಜೋಡಿಸಿಟ್ಟ ಸೈಡ್‌ಬೋರ್ಡನ್ನೇ ಊಟದ ಮೇಜೆಂದು ತಿಳಿದು, ಅಲ್ಲೇ ನಿಂತು, ಕನ್ನಡಿಗೆ ಮುಖ ಕೊಟ್ಟು, ಎಲ್ಲರಿಗೂ ಬೆನ್ನು ಹಾಕಿ ಪೂರ್ತಿ ಊಟ ಮಾಡಿದ್ದೆ. ಬೆನ್ನ ಹಿಂದೆ ಇಪ್ಪತ್ತು ಜನ ನಗುವುದು ಕನ್ನಡಿಯಲ್ಲಿ ಕಾಣುತ್ತಿತ್ತು. ನಾನು ಮಜ್ಜಿಗೆಯವರೆಗೂ ಬಿಡಲಿಲ್ಲ. ಆವತ್ತೇ ನಿಶ್ಚಯಿಸಿದೆ: ಇಂಥದ್ದೊಂದನ್ನು ಕೊಳ್ಳದೆ ಸಾಯುವುದಿಲ್ಲ.

ಸಾಯುವ ಸರದಿ ಸಾವಂತರಿಗೆ ಬರುತ್ತದೆಂದು ನಾನು ಎಣಿಸಿರಲಿಲ್ಲ. ನಮ್ಮ ಚಾಳಿನ ಮೆಟ್ಟಿಲು ಎಷ್ಟು ಕಿರಿದೆಂದರೆ ಕನ್ನಡಿಯನ್ನು ಮಾತ್ರ ಹೇಗೋ ಬಿಡಿಸಿ ಹೊತ್ತೆವು. ಉಳಿದದ್ದನ್ನು ಮೂರನೇ ಮಾಳಿಗೆಯ ಗ್ಯಾಲರಿಗೆ ಹಗ್ಗದಲ್ಲೇ ಎಳೆಯಬೇಕಾಯಿತು. ಬಿಜಾಪುರದ ಕಡೆಯ ಹಮಾಲ ಯಲ್ಲಪ್ಪ ಮೂವರನ್ನು ಕರೆತಂದಿದ್ದ. ನಾಲ್ವರೂ ಮೇಲಿನಿಂದ ಎಳೆಯುವುದು, ಕೆಳಗಿನಿಂದ ಒಬ್ಬರು ಬಾಲದ ಹಗ್ಗ ಹಿಡಿದು ಅದು ಅತ್ತಿತ್ತ ತೂಗದಂತೆ ನೋಡುವುದು. "ಸಾಹೇಬ್ರ, ನೀವು ಬರೇ ಹಿಡಕೊಂಡು ನಿಂದರ್ರಿ. ಏನರ ಆಗ್ಲಿ, ಕೈ ಬಿಡಬ್ಯಾಡ್ರಿ" ಎಂದ ಯಲ್ಲಪ್ಪ. ಕುರ್ಚಿ ಸರಿಸಿ ಎಂದು ಸಾವಂತರಿಗೂ ಹೇಳಿದ್ದೆವು. ಮೂವತ್ತು ವರ್ಷದಿಂದ ಇದೇ ಜಾಗ ಎಂದು ಅವರು ಪುಟ ತಿರುಗಿಸಿದ್ದರು. ಎರಡನೇ ಮಾಳಿಗೆ ಬಂದಾಗ ಮೇಲೆ ಏನೋ ಕಟ್ಟೆಂದಿತು. ಅಷ್ಟೇ. ನಾನು ಹಗ್ಗ ಬಿಟ್ಟು ಓಡಿದೆ. ಸೈಡ್‌ಬೋರ್ಡು ತೂಗಿ ಸಾವಂತರ ಕುರ್ಚಿಯ ನೇರಕ್ಕೆ ಬಂತು. ಯಲ್ಲಪ್ಪನ ಜನ ಪ್ರಾಣ ಒತ್ತೆಯಿಟ್ಟು ಅದನ್ನು ಹಿಡಿದು, ಮೇಲಕ್ಕೆಳೆದು ನಮ್ಮ ಖೋಲಿಗೆ ಸೇರಿಸಿದರು. ಆಮೇಲೆ ನೋಡಿದರೆ ಅವರ ಅಂಗೈ ಸುಲಿದು ಕೆಂಪಾಗಿತ್ತು. ನನ್ನ ಅಂಗೈ ಮದುಮಗನದರಷ್ಟು ನುಣುಪಾಗಿತ್ತು; ಅದನ್ನು ಪ್ಯಾಂಟಿನ ಜೇಬಿನಲ್ಲಿಟ್ಟೆ. ಏನಾಯಿತೆಂದು ಚಾಳಿನವರೆಲ್ಲ ಕೇಳಿದಾಗ, ಓದಿದ ಸಾಕ್ಷಿದಾರನಾಗಿ "ಹಗ್ಗ ಜಾರಿತು" ಎಂದೆ. ಯಾರ ಕೈಯಿಂದ ಎಂದು ಯಾರೂ ಕೇಳಲಿಲ್ಲ. ಯಲ್ಲಪ್ಪ ನನ್ನನ್ನೊಮ್ಮೆ ನೋಡಿ, ಅಂಗೈಗೆ ಕೊಬ್ಬರಿ ಎಣ್ಣೆ ಹಚ್ಚಿಸಿಕೊಂಡು ಹೋದ.

ಅಂದಿನಿಂದ ಕಣ್ಣು ಮುಚ್ಚಿದರೆ ಡ್ರಾಯರು ಬೀಳುತ್ತಿತ್ತು. ಒಮ್ಮೊಮ್ಮೆ ಸಾವಂತರು ಲೋಟ ಇಡಲು ಏಳುತ್ತಲೇ ಇರಲಿಲ್ಲ. ನಾನು ಬೆವರಿ ಎದ್ದು ಕೂರುವುದಕ್ಕೂ, ಮರದ ನೆಲ ಭಾರಕ್ಕೆ ಕಿರ್ರೆನ್ನುವುದಕ್ಕೂ, ಕೆಳಗೆ ಸಾವಂತರು ತಮ್ಮ ಮಾಡಿಗೆ ಕೋಲಿನಿಂದ ಕುಟ್ಟುವುದಕ್ಕೂ ಸರಿಹೋಗುತ್ತಿತ್ತು. ಅವರ ಮಂಚ ಸರಿಯಾಗಿ ಸೈಡ್‌ಬೋರ್ಡಿನ ಕೆಳಗೆ. ಮಂಚ ಸರಿಸಿ ಎಂದರೆ ಮತ್ತದೇ ಮೂವತ್ತು ವರ್ಷ. "ಬರುವ ಭಾನುವಾರದೊಳಗೆ ಇಳಿಸು, ಇಲ್ಲದಿದ್ದರೆ ಮಾಲಕನ ಹತ್ತಿರ ಹೋಗುತ್ತೇನೆ" ಎಂದು ಗಡುವು ಕೊಟ್ಟರು. ಹೆಂಡತಿ ಶಾರದೆಯೂ ಅವರ ಪಕ್ಷ. "ನಿಮ್ಗೆ ಒಂದು ಕೊಡೆ ನೆಟ್ಟಗೆ ಹಿಡಿಲಿಕ್ಕೆ ಬರುದಿಲ್ಲ. ಹಗ್ಗ ಹಿಡಿಲಿಕ್ಕೆ ಹೋದದ್ದು ಯಾಕೆ?" ನಾನು ಎದೆ ಸೆಟೆಸಿ ಘೋಷಿಸಿದೆ: ಮಾಲಕನಲ್ಲ, ಮುನಿಸಿಪಾಲಿಟಿಯೇ ಬರಲಿ, ಇದು ಇಲ್ಲಿಂದ ಕದಲುವುದಿಲ್ಲ! ಇದನ್ನು ನಾನು ತತ್ತ್ವವೆಂದೇ ಹೇಳಿಕೊಂಡೆ. ಆದರೆ ನಿಮ್ಮಲ್ಲಿ ಮುಚ್ಚುಮರೆ ಯಾಕೆ? ಇಳಿಸುವುದಾದರೆ ಮತ್ತೆ ಹಗ್ಗ ಕಟ್ಟಬೇಕು, ಮತ್ತೆ ಯಲ್ಲಪ್ಪ ಬಾಲದ ತುದಿಯನ್ನು ನನ್ನ ಕೈಗೆ ಕೊಡುತ್ತಾನೆ. ನನ್ನ ಧೈರ್ಯದ ಅರ್ಧಕ್ಕಿಂತ ಹೆಚ್ಚು ಪಾಲು ಆ ಹೆದರಿಕೆಯೇ ಆಗಿತ್ತು.

ದಾರಿ ಕಂಡುಹಿಡಿದದ್ದು ಅಮ್ಮ. ಗುರುವಾರ ಸಂಜೆ ನಾನು ಆಫೀಸಿನಿಂದ ಬರುವಾಗ, ಗೂಡಿನಲ್ಲಿದ್ದ ಕೃಷ್ಣ, ಗಣಪತಿ, ಸಾಲಿಗ್ರಾಮದ ಸಂಪುಟ ಎಲ್ಲವೂ ಅಮೃತಶಿಲೆಯ ಮೇಲೆ ಕುಳಿತಿದ್ದವು. ಕನ್ನಡಿಯಿಂದಾಗಿ ಒಂದು ದೀಪ ಎರಡಾಗಿತ್ತು.

"ಎಂತ ಅಮ್ಮ ಇದು? ಇದು ಪಾತ್ರೆ ಇಡುವುದು!"

"ಸುಮ್ಮನಿರು ಮಾರಾಯಾ. ದೇವರ ಬುಡಕ್ಕೆ ಕೋಲು ಹಾಕ್ತಾರಾ ಆ ಮನುಷ್ಯ, ನೋಡುವ."

"ಹಾಗಾದ್ರೆ ತಟ್ಟೆಗಳು?"

"ದೇವರ ಕೆಳಗೆ ಮುಸುರೆ ಪಾತ್ರೆ ಇಡ್ಲಿಕ್ಕುಂಟಾ? ಮಂಚದ ಅಡಿಯಲ್ಲಿ ಇರ್ಲಿ, ಮೊದಲಿನ ಹಾಗೆ."

ಹೀಗೆ ದೊರೆಗಳ ಕಾಲದಿಂದ ತಟ್ಟೆಗಳಿಗಾಗಿಯೇ ಹುಟ್ಟಿಬಂದ ವಸ್ತುವಿನಲ್ಲಿ ಒಂದು ತಟ್ಟೆಗೂ ಜಾಗವಿಲ್ಲದಾಯಿತು. ದೊರೆಗಳ ಆ ಇನ್ನೊಂದು ಪಾತ್ರೆ ನೆನಪಾಗಿ ನಾನು ಸಂಪುಟದ ಕಡೆ ನೋಡಲಾರದೆ ಹೋದೆ. "ಪುಸ್ತಕದಲ್ಲಿ ಇದರ ವಿಷಯ ಎಂತ ಉಂಟು?" ಎಂದು ಅಮ್ಮ ಕೇಳಿದಳು. "ಬೆಳ್ಳಿ ಸಾಮಾನು ಇಡ್ತಿದ್ರಂತೆ" ಎಂದೆ. "ನೋಡು, ಶುದ್ಧದ್ದೇ!" ಎಂದಳು.

ಎಂಟು ಗಂಟೆಗೆ ಅಮ್ಮನ ಕರೆಯ ಮೇಲೆ ಸಾವಂತರು ತೆಂಗಿನಕಾಯಿ ಹಿಡಿದು ಬಂದರು. ತಮ್ಮ ತಲೆಯ ಮೇಲೆ ಯಾರು ಯಾರು ಕುಳಿತಿದ್ದಾರೆಂದು ಒಬ್ಬೊಬ್ಬರನ್ನಾಗಿ ನೋಡಿದರು. ಆರತಿಗೆ ನಾನು ಕೈ ಮುಗಿದಾಗ ಕನ್ನಡಿಯಲ್ಲಿ ಅವರ ಕಣ್ಣು ನನ್ನ ಅಂಗೈಯ ಮೇಲಿತ್ತು. ಹೊರಡುವಾಗ ಗ್ಯಾಲರಿಯಲ್ಲಿ ನಿಂತು ತಗ್ಗಿದ ದನಿಯಲ್ಲಿ, "ರಾವ್, ಮೈನೇ ದೇಖಾ ಥಾ. ತೂನೇ ಛೋಡಾ" ಎಂದರು. ನೀನೇ ಬಿಟ್ಟದ್ದು, ನಾನು ನೋಡಿದ್ದೆ.

ಹೌದು ಎಂದೆ.

"ಮೈ ಭೀ ಛೋಡ್ ದೇತಾ" ಎಂದು, ತಾನಾದರೂ ಬಿಡುತ್ತಿದ್ದೆನೆಂದು, ಅವರು ಅರ್ಧ ತೆಂಗಿನಕಾಯಿಯೊಂದಿಗೆ ಇಳಿದುಹೋದರು. ಎರಡು ಮೆಟ್ಟಿಲು ಇಳಿದು ತಿರುಗಿ, "ಲೇಕಿನ್ ಕುರ್ಸೀ ತೇರೇಕೋ ಲಾನಾ ಪಡೇಗಾ" ಎಂದು, ಹೊಸ ಕುರ್ಚಿ ಮಾತ್ರ ನಾನೇ ತರಬೇಕೆಂದು, ಕುರ್ಚಿಯ ಬಾಬತ್ತನ್ನೂ ಮುಗಿಸಿದರು.

ಮರುದಿನ ಬೆಳಿಗ್ಗೆ ಎರಡು ಕಡೆ ಹೋಗುವುದಿತ್ತು, ಕುರ್ಚಿಯ ಅಂಗಡಿಗೆ ಮತ್ತು ಯಲ್ಲಪ್ಪನ ಖೋಲಿಗೆ. ಎರಡನೆಯದೇ ಹೆಚ್ಚು ಕಷ್ಟದ್ದು. ಆದರೆ ನನಗೆ ಎಚ್ಚರವಾಗುವಾಗ ಬಿಸಿಲೇರಿತ್ತು; ಎರಡಕ್ಕೂ ತಡವಾಯಿತು, ಆಫೀಸಿನ ಲೋಕಲ್ ರೈಲೂ ತಪ್ಪಿತು. ರಾತ್ರಿ ನೆಲ ಕಿರ್ರೆಂದಿತಂತೆ, ಕೆಳಗಿನಿಂದ ಸಾವಂತರ ಗೊರಕೆ ಕೇಳಿಸಿತಂತೆ. ಅವೆರಡೂ ನನಗೆ ಗೊತ್ತಿಲ್ಲ. ಆ ಗುರುವಾರ ರಾತ್ರಿ ನಾನು ಮುಷ್ಟಿ ಬಿಗಿದುಕೊಂಡು, ಶಾರದೆಯ ಸೀರೆಯ ಸೆರಗನ್ನು ಬೆಳಗಿನ ತನಕ ಬಿಡದೆ ಹಿಡಿದು ಮಲಗಿದ್ದೆನಂತೆ.