ಅಮಾವಾಸ್ಯೆಯ ದಿನ ಫಿನ್‌ಲೆಂಡಿಗೆ

ನಮ್ಮ ಮನೆತನದಲ್ಲಿ ಯಾರೇ ಊರಿಗೆ ಹೊರಟರೂ ನೆಟ್ಟಗೆ ಹೋಗಿ ಮುಟ್ಟಿದ ಉದಾಹರಣೆ ಇಲ್ಲ. ಧಾರವಾಡದ ಮದುವೆಗೆ ಹೊರಟರೆ ಉಡುಗೊರೆಯ ಪಾತ್ರೆ ಬಸ್ಸಿನಲ್ಲಿ ಮುಂದಕ್ಕೆ ಹೋಗಿರುತ್ತದೆ, ನಾವು ಹಳಿಯಾಳದ ಬಸ್‌ಸ್ಟ್ಯಾಂಡಿನಲ್ಲಿ ಚಹಾ ಕುಡಿಯುತ್ತ ಉಳಿದಿರುತ್ತೇವೆ. ಅಂಥ ಮನೆಯವಳು ನಾನು ದಾಂಡೇಲಿಯ ಕಾಗದ ಕಾರ್ಖಾನೆಯ ಕ್ವಾರ್ಟರ್ಸಿನಿಂದ ಎರಡು ಹರೆಯದ ಮಕ್ಕಳನ್ನು ಕಟ್ಟಿಕೊಂಡು ಫಿನ್‌ಲೆಂಡಿಗೆ ಹೊರಟೆ ಎಂದರೆ ಏನೇನು ಆಗಿರಬೇಡ!

ತೊಂಬತ್ತರ ದಶಕದ ಕೊನೆಯ ಮಾತು. ಯಜಮಾನರು ಕಾರ್ಖಾನೆಯಲ್ಲಿ ಮಷಿನ್ ನಡೆಸುವವರು. ಹೊಸ ಮಷಿನ್ನಿನ ಕೆಲಸ ಕಲಿಯಲೆಂದು ಅವರನ್ನು ಆ ದೇಶಕ್ಕೆ ಕಳಿಸಿದ್ದರು. ಒಂದು ತಿಂಗಳು ಎಂದು ಹೋದವರು ಹತ್ತು ತಿಂಗಳಾದರೂ ಬರಲಿಲ್ಲ. ತಮ್ಮ ಭತ್ಯೆ ಉಳಿಸಿ ನನಗೂ ಮಕ್ಕಳಿಗೂ ಟಿಕೆಟ್ ಕಳಿಸಿದರು, ಡಿಸೆಂಬರಿನಲ್ಲಿ ಬನ್ನಿ ಎಂದರು. ನಮ್ಮ ಅತ್ತೆ ಮಾತ್ರ ಮೊದಲೇ ಕೈ ಝಾಡಿಸಿದ್ದರು. "ನನಗ ಅಲ್ಲೇನ ಕೆಲಸ? ನನ್ನ ತಂಗಿ ಬಂದು ಇರ್ತಾಳ, ನೀವು ಹೋಗಿ ಬರ್ರಿ."

ಪಕ್ಕದ ಮನೆಯ ಫೋನು

ಆಗ ನಮ್ಮ ಮನೆಯಲ್ಲಿ ಫೋನಿರಲಿಲ್ಲ. ಪಕ್ಕದ ಮನೆಯ ಫಿಟರ್ ಹಳಿಯಾಳದ ಹತ್ತಿರದ ತೇರಗಾಂವದವರು, ಅವರ ಮನೆಯಲ್ಲಿತ್ತು. ಭಾನುವಾರ ಯಜಮಾನರ ಫೋನು ಬಂದರೆ ಫಿಟರ್ ಕಾಂಪೌಂಡಿನ ಮೇಲಿಂದ ಅತ್ತಿಗೆಯನ್ನು ಕರೆದಂತೆ "ವೈನೀ, ಫಿನ್‌ಲೆಂಡ್!" ಎಂದು ಕೂಗುತ್ತಿದ್ದರು. ಇಡೀ ಸಾಲಿಗೇ ಗೊತ್ತಾಗುತ್ತಿತ್ತು.

ನಾನು ಓಡುತ್ತಿದ್ದೆ, ಒಂಬತ್ತನೆಯ ಇಯತ್ತೆಯ ಮಗ ಓಡುತ್ತಿದ್ದ, ಅತ್ತೆ ಕೂಡ ಸೆರಗು ಸರಿಮಾಡಿಕೊಂಡು ಓಡುತ್ತಿದ್ದರು. ಮಗಳೊಬ್ಬಳು ಎದ್ದು ಬರುತ್ತಿರಲಿಲ್ಲ. ಹತ್ತನೆಯ ಪರೀಕ್ಷೆಗೆ ಅಪ್ಪ ಇರುತ್ತೇನೆಂದು ಮಾತು ಕೊಟ್ಟಿದ್ದರು, ಇರಲಿಲ್ಲ. ರಿಸಲ್ಟ್ ಬಂದಾಗಲೂ ಇರಲಿಲ್ಲ. ಅಂದಿನಿಂದ ಅವಳು ಮಾತು ಬಿಟ್ಟಳು. ಈಗ ಪಿಯುಸಿಗೆ ಬಂದಿದ್ದರೂ ಹಟ ಇಳಿದಿರಲಿಲ್ಲ. "ಸುಳ್ಳು ಹೇಳೋರ ಜೋಡಿ ನಾ ಮಾತಾಡಂಗಿಲ್ಲ. ಅಲ್ಲಿಗೂ ಬರಂಗಿಲ್ಲ. ನೀವು ಹೋಗ್ರಿ."

ಹರೆಯದ ಹುಡುಗಿಯನ್ನು ಬಿಟ್ಟು ನಾನು ಎಲ್ಲಿಗೆ ಹೋಗಲಿ? ಅವಳು ಬಾರದಿದ್ದರೆ ನಾವು ಯಾರೂ ಹೋಗುವ ಹಾಗಿಲ್ಲ. ಅಲ್ಲಿ ಆ ಮನುಷ್ಯ ಪ್ರತಿ ಸಲವೂ ಕೊನೆಗೆ ಒಂದೇ ಮಾತು ಕೇಳುತ್ತಿದ್ದರು. "ಅಕಿ ಬರ್ತಾಳಲ್ಲ?" ನಾನು ಬರುತ್ತಾಳೆ ಎನ್ನುತ್ತಿದ್ದೆ, ಬೆವರುತ್ತಿದ್ದೆ.

ಒಮ್ಮೆ ಯಜಮಾನರು ಅಲ್ಲಿನ ಥಂಡಿ ಮೈನಸ್ ಇಪ್ಪತ್ತಕ್ಕೆ ಇಳಿದಿದೆ ಎಂದರು. ಊರೆಲ್ಲ ಬೆಳ್ಳಗೆ, ಒಂದು ಕಸ ಕಣ್ಣಿಗೆ ಬೀಳುವುದಿಲ್ಲ ಎಂದರು. ನಾನು ಫೋನಿಟ್ಟು ಅದನ್ನೇ ಫಿಟರಿಗೆ ಹೇಳಿದೆ. ಅವರು ಬೆರಳು ಮಡಿಚಿ ಲೆಕ್ಕ ಹಾಕಿದರು. "ಅಲ್ರಿ ವೈನಿ, ಸೊನ್ನಿಗೆ ಬಂದ ಮ್ಯಾಲೆ ಮುಗೀತಲ್ಲ. ಮತ್ತ ಅದರಾಗ ಇಪ್ಪತ್ತು ಎಲ್ಲಿಂದ ಕಳೀತಾರ?"

ಮುಂಡಗೋಡದ ಸ್ವೆಟರು

ಥಂಡಿಯ ಬಟ್ಟೆಗೆ ನಮ್ಮ ಕಡೆಯವರು ಹೋಗುವುದು ಟಿಬೆಟಿಯನ್ನರ ಹತ್ತಿರ. ಹುಬ್ಬಳ್ಳಿಯವರೆಗೆ ಹೋಗುವುದೇಕೆ, ಮುಂಡಗೋಡದಲ್ಲಿ ಅವರ ಕ್ಯಾಂಪೇ ಇದೆಯಲ್ಲ, ಬುಡಕ್ಕೇ ಹೋಗೋಣ ಎಂದು ನಾನು ಜಾಣತನ ಮಾಡಿದೆ. ಮಕ್ಕಳನ್ನು ಎಳೆದುಕೊಂಡು ಬಸ್ಸು ಬದಲಿಸುತ್ತ ಹೋದರೆ ಕ್ಯಾಂಪಿನಲ್ಲಿ ಸ್ವೆಟರ್ ಮಾರುವವರು ಒಬ್ಬರೂ ಇಲ್ಲ. ಥಂಡಿ ಶುರುವಾದ ಕೂಡಲೇ ಅವರೆಲ್ಲ ಮಾಲು ಹೊತ್ತುಕೊಂಡು ಹುಬ್ಬಳ್ಳಿ, ಬೆಳಗಾವಿ ಎಂದು ಹೊರಟುಬಿಟ್ಟಿದ್ದರು.

ಒಂದು ಮನೆಯ ಕಟ್ಟೆಯ ಮೇಲೆ ಒಬ್ಬ ಅಜ್ಜಿ ಬೀಸಣಿಗೆ ಬೀಸಿಕೊಳ್ಳುತ್ತ ಕುಳಿತಿದ್ದರು. ನನ್ನ ಮುಖ ನೋಡಿ ಅಯ್ಯೋ ಅನಿಸಿರಬೇಕು, ಒಳಗಿಂದ ಉಳಿದ ಗಂಟೊಂದನ್ನು ತಂದು ಬಿಚ್ಚಿದರು. ಮಗ ಸಿಕ್ಕಿದ್ದನ್ನೆಲ್ಲ ಒಂದರ ಮೇಲೊಂದು ಹಾಕಿಕೊಂಡ. ಮಗಳು ಗೇಟಿನ ಹತ್ತಿರವೇ ನಿಂತಿದ್ದಳು.

"ಒಂದ ಸಲ ಹಾಕ್ಕೊಂಡು ನೋಡ" ಎಂದೆ.

"ಹೋಗೂದ ಇಲ್ಲ ಅಂದಮ್ಯಾಲೆ ಅಳತಿ ಯಾಕ?"

ನಾನು ಕ್ವಾರ್ಟರ್ಸಿನ ಅರ್ಧ ಹೆಂಗಸರಿಗೆ ಕುಪ್ಪಸ ಹೊಲಿದುಕೊಡುವವಳು. ಕಣ್ಣಳತೆಯಲ್ಲೇ ಅವಳಿಗೊಂದು ಸ್ವೆಟರ್ ಆರಿಸಿದೆ. ಇದು ಪೆಟ್ಟಿಗೆಯಲ್ಲೇ ಉಳಿಯುತ್ತದೇನೋ ಎಂದುಕೊಳ್ಳುತ್ತಲೇ ದುಡ್ಡು ಎಣಿಸಿದೆ.

ಅಜ್ಜಿ ವಿಚಾರಿಸಿದರು, ಎಲ್ಲಿಗೆ ಪ್ರಯಾಣ? ಹೇಳಿದೆ. ಹಿಮ ಬೀಳುವ ಊರು ಎಂದೆ. ಅವರು ಬೀಸಣಿಗೆ ನಿಲ್ಲಿಸಿದರು. ಹರೆಯದಲ್ಲಿ ಊರು ಬಿಟ್ಟು, ಟಿಬೆಟ್ಟಿನ ಅಷ್ಟೆಲ್ಲ ಹಿಮ ತುಳಿದು ದಾಟಿ ಬಂದವರು ಅವರು. ನನ್ನನ್ನು ಒಂದು ಸಲ, ಮಕ್ಕಳನ್ನು ಒಂದು ಸಲ ನೋಡಿ ಮೆಲ್ಲಗೆ ಕೇಳಿದರು. "ನಿಮಗ್ಯಾರು ಓಡಿಸಿದ್ರು?"

ಥಂಡಿಯ ತಾಲೀಮು

ಮಗನಿಗೆ ಥಂಡಿಯ ತಾಲೀಮು ಬೇಕೆನಿಸಿತು. ಜೊಯಿಡಾದ ಕಡೆಯ ಕಾಡಿನಲ್ಲಿ ಮುಂಜಾನೆ ಒಳ್ಳೆ ಮಂಜಿರುತ್ತದೆ, ಅಲ್ಲಿಗೆ ಹೋಗಿ ಬನಿಯನ್ನಿನಲ್ಲಿ ನಿಲ್ಲುತ್ತೇನೆ ಎಂದ. ಆನೆ ಬಂದರೆ ಏನು ಮಾಡುತ್ತೀ ಎಂದು ಬೈದೆ. ಅವನು ಸುಮ್ಮನಾದನೆಂದು ನಾನು ತಿಳಿದದ್ದೇ ತಪ್ಪು.

ನಮ್ಮ ಓಣಿಗೆ ಬುಟ್ಟಿ ಹೊತ್ತು ಬರುವ ಮೀನು ಮಾರುವ ಬಾಯಿಯೊಬ್ಬಳಿದ್ದಳು. ಅವಳು ತಿರುವಿನಲ್ಲಿ ಬುಟ್ಟಿ ಇಳಿಸಿ ಗಿರಾಕಿಗಳ ಜೊತೆ ಜಗಳಾಡುವಾಗ ಈ ಮಹಾರಾಯ ಎರಡೂ ಕೈಗಳನ್ನು ಮೊಳಕೈವರೆಗೆ ಮೀನಿನ ಐಸಿನೊಳಗೆ ಹೂತು, ಕಣ್ಣು ಮುಚ್ಚಿ, ಅಂಕಿ ಎಣಿಸುತ್ತ ಕುಳಿತುಬಿಟ್ಟ. ಅವಳು ತಿರುಗಿ ನೋಡಿ ಕಳ್ಳ ಎಂದು ಬೊಬ್ಬೆ ಹಾಕಿದಳು. ನಾನು ಓಡಿಹೋಗಿ ಕಳ್ಳನಲ್ಲ ಎಂದು ಸಮಜಾಯಿಷಿ ಕೊಡಬೇಕಾಯಿತು. ಪರದೇಶಕ್ಕೆ ಹೋಗುವ ತಯಾರಿ ಎಂದು ಹೇಳಿದ್ದಕ್ಕೆ ಅವಳು ನನ್ನ ಮೇಲೂ ಸಂಶಯಪಟ್ಟಳು.

ನಮ್ಮದು ಮೀನು ತಿನ್ನದ ಮನೆ. ಹುಡುಗನ ಕೈಯ ವಾಸನೆಗೆ ಅತ್ತೆ ಅವನಿಗೆ ಪಡಸಾಲೆಯಲ್ಲೇ ತಾಟು ಇಟ್ಟರು. ಅವನು ಅಲ್ಲಿ ಒಬ್ಬನೇ ಕುಳಿತು ಊಟ ಮಾಡುವುದನ್ನು ನೋಡಿ ಮಗಳು ನಕ್ಕಳು. ಎಷ್ಟೋ ದಿನದ ಮೇಲೆ ನಕ್ಕಿದ್ದಳು. ನನಗೆ ಹಿಗ್ಗಾಯಿತು. ಇದೇ ಸಮಯವೆಂದು, "ಅಪ್ಪನ ಹಳೇ ಮಫ್ಲರ್ ಎಲ್ಲಿ ಐತಿ ನೋಡ, ಅವರಿಗೆ ಒಯ್ಯೂಣು" ಎಂದೆ. ರಾತ್ರಿ ಪಾಳಿಗೆ ಅವರು ಕಿವಿಗೆ ಸುತ್ತಿಕೊಳ್ಳುತ್ತಿದ್ದ ಕಂದು ಮಫ್ಲರ್ ಅದು, ಕಪಾಟು ಜಾಲಾಡಿದರೂ ಸಿಕ್ಕಿರಲಿಲ್ಲ.

ಅವಳ ನಗು ಅಲ್ಲಿಗೇ ನಿಂತಿತು. "ನನಗೇನ ಗೊತ್ತು?" ಎಂದು ಎದ್ದು ಹೋದಳು.

ಪಡಸಾಲೆಯಿಂದ ಮಗ ಕೂಗಿದ. "ಅವ್ವಾ, ಥಂಡಿ ತಡ್ಕೋಬಹುದು. ಆದ್ರ ಆ ದೇಶ ಪೂರಾ ಹಿಂಗ ನಾತಿದ್ರ ಕಷ್ಟ ಐತಿ."

ಪ್ರಸ್ಥಾನ

ಟಿಕೆಟ್ಟಿನ ಲೆಕ್ಕದಲ್ಲಿ ನಾವು ಮನೆ ಬಿಡಬೇಕಾದ ದಿನ ಅಮಾವಾಸ್ಯೆ. ಅತ್ತೆ ಪಂಚಾಂಗ ನೋಡಿ ಕುಸಿದು ಕುಳಿತರು. "ಅಮಾಸಿ ದಿನ ಹೊಸ್ತಿಲಾ ದಾಟೂದಾ? ವಿಮಾನದಾವರಿಗೆ ಹೇಳಿ ಮುಂದ ಹಾಕಸು."

ವಿಮಾನದವರು ನಮ್ಮ ಮಾತು ಕೇಳುವವರಲ್ಲ ಎಂದು ತಿಳಿಸಿ ಹೇಳಿದೆ. ಕೊನೆಗೆ ಅವರೇ ದಾರಿ ಹುಡುಕಿದರು. ಪ್ರಸ್ಥಾನ ಇಟ್ಟರಾಯಿತು. ಹೊರಡುವ ದಿನ ಕೆಟ್ಟದಿದ್ದರೆ, ಅದಕ್ಕೂ ಮೊದಲು ಒಳ್ಳೆಯ ದಿನ ನೋಡಿ ಪ್ರಯಾಣಿಕರ ಸಾಮಾನೊಂದನ್ನು ಬೇರೆಯವರ ಮನೆಯಲ್ಲಿ ಇಡುವುದು. ಸಾಮಾನು ಹೊರಬಿತ್ತೆಂದರೆ ಪ್ರಯಾಣ ಹೊರಟಂತೆಯೇ. ಮತ್ತೆ ಅದನ್ನು ಮನೆಗೆ ತರಬಾರದು, ಹೋಗುವಾಗ ದಾರಿಯಲ್ಲೇ ಎತ್ತಿಕೊಂಡು ಹೋಗಬೇಕು. ಒಂದು ಟವೆಲ್ಲೋ ಚಪ್ಪಲಿಯೋ ಇಡುತ್ತಾರೆಂದು ನಾನು ಆಗಲಿ ಎಂದೆ, ಆಮೇಲೆ ಮರೆತೂಬಿಟ್ಟೆ.

ಹೊರಡುವ ಬೆಳಗ್ಗೆ ಧಾರವಾಡದ ಸ್ಟೇಶನ್ನಿಗೆಂದು ಗೊತ್ತುಮಾಡಿದ ಜೀಪು ಬಂದು ನಿಂತಿತ್ತು. ಸಂಜೆಯ ರೈಲು ತಪ್ಪಿದರೆ ಮುಂಬಯಿಯ ವಿಮಾನ ತಪ್ಪಿತು. ಪಾಸ್‌ಪೋರ್ಟ್, ಟಿಕೆಟ್ ಎಲ್ಲ ಇದ್ದ ಕಪ್ಪು ಚೀಲಕ್ಕೆ ಕೈ ಹಾಕಿದರೆ ಚೀಲವೇ ಇಲ್ಲ.

ಕಪಾಟು, ಹಾಸಿಗೆ, ಅಕ್ಕಿ ಡಬ್ಬಿ, ಹೊಲಿಗೆ ಮಷಿನ್ನಿನ ಖಾನೆ, ಎಲ್ಲ ಬಗೆದೆವು. ಮಗ ಅಳುವ ಹಾಗಾದ. ಅತ್ತೆ ಬೇರೆ ಎರಡು ದಿನದಿಂದ ಯಾಕೋ ಎಲ್ಲರ ಮೇಲೂ ಸಿಡಿಮಿಡಿ ಎನ್ನುತ್ತಿದ್ದರು, ಅವರನ್ನು ಮಾತಾಡಿಸಲೂ ಭಯ. ನನ್ನ ತಲೆ ಕೆಟ್ಟಿತು. ಮಗಳ ಕಡೆ ತಿರುಗಿದೆ.

"ನೀನ ಮುಚ್ಚಿಟ್ಟಿ. ಹೋಗಬಾರದಂತ ನೀನ ಮುಚ್ಚಿಟ್ಟಿ."

ಅವಳೋ, ನಾನು ತಂದ ಸ್ವೆಟರನ್ನು ತೊಟ್ಟುಕೊಂಡು ಹೊರಟು ನಿಂತಿದ್ದಳು, ಅದನ್ನೂ ನಾನು ಆಗಲೇ ಗಮನಿಸಿದ್ದು. ಕಣ್ಣು ತುಂಬಿಕೊಂಡು ಹೊಸ್ತಿಲ ಹತ್ತಿರ ಹೋಗಿ ಕುಳಿತಳು. ಆಡಿದ ಮಾತು ನನಗೇ ಚುಚ್ಚಿತು, ಆದರೆ ಚೀಲ ಸಿಗಬೇಕಲ್ಲ.

ಆಗ ದೇವರ ಕೋಣೆಯಿಂದ ಅತ್ತೆ ಬಂದರು. "ಏನ ಹುಡಕ್ಯಾಡಾಕತ್ತೀರಿ?"

"ಕಪ್ಪು ಚೀಲ, ಅತ್ತೀ."

"ಅಯ್ಯ, ಅದು ಹೋಗಿ ಎರಡು ದಿನಾ ಆತಲ್ಲ. ಪ್ರಯಾಣದ ಜೀವಾನ ಇದರಾಗ ಐತಿ ಅಂತ ನೀನ ಹೇಳಿದ್ದಿಯಲ್ಲ, ಅದಕ್ಕ ಅದನ್ನ ಪ್ರಸ್ಥಾನ ಇಟ್ಟೆ, ಫಿಟರ್ ಮನ್ಯಾಗ."

ನಾವೆಲ್ಲ ಪಕ್ಕದ ಮನೆಗೆ ಓಡಿದೆವು. ಬಾಗಿಲಿಗೆ ಅಂಗೈಯಗಲದ ಬೀಗ. ಭತ್ತದ ರಾಶಿಗೆಂದು ಗಂಡ ಹೆಂಡತಿ ಹಿಂದಿನ ದಿನವೇ ತೇರಗಾಂವಕ್ಕೆ ಹೋಗಿದ್ದರು. ಅತ್ತೆ ಮಾತ್ರ ಬೀಗ ನೋಡಿ ಸಮಾಧಾನದ ಉಸಿರು ಬಿಟ್ಟರು. "ಛಲೋ ಭದ್ರ ಇಟ್ಟಾರ ಬಿಡು."

ತೇರಗಾಂವದ ಕಣ

ಬೀಗ ಒಡೆಯೋಣ ಎಂದೆ. ಚೀಲ ಒಳಗೇ ಇದೆಯೆಂದು ಏನು ಖಾತ್ರಿ, ಒಡೆಯುವ ಮೊದಲು ಕೇಳಿಬಿಡೋಣ, ಹಳಿಯಾಳ ಹೇಗೂ ದಾರಿಯಲ್ಲೇ ಇದೆ ಎಂದು ಜೀಪಿನವನು ಅಂದ. ಸ್ಟೇಶನ್ನಿಗೆ ಬಿಟ್ಟು ಬರಲು ಅತ್ತೆಯೂ ಹತ್ತಿದರು. ಪೆಟ್ಟಿಗೆ ಮುಚ್ಚುವುದಿಲ್ಲವೆಂದು ನಾವು ಅರ್ಧ ಉಣ್ಣೆಯನ್ನು ಮೈಮೇಲೇ ಹಾಕಿಕೊಂಡಿದ್ದೆವು. ನಡುಮಧ್ಯಾಹ್ನ ತೇರಗಾಂವದ ಕಣದಲ್ಲಿ ನಾವು ಇಳಿದಾಗ ರಾಶಿ ಮಾಡುತ್ತಿದ್ದವರು ಮೊರ ಕೆಳಗಿಟ್ಟು ನೋಡತೊಡಗಿದರು. ಮಗ ಮಂಕಿ ಟೋಪಿಯನ್ನೂ ಬಿಟ್ಟಿರಲಿಲ್ಲ.

ಫಿಟರ್ ಮೈಯ ಹೊಟ್ಟು ಕೊಡವುತ್ತ ಬಂದರು. "ಬರ್ರಿ ವೈನಿ. ನಿಮ್ಮ ಪ್ರಸ್ಥಾನ ಖಾಲಿ ಮನ್ಯಾಗ ಹೆಂಗ ಬಿಡೂದು ಅಂತ ಸಂಗಟ ತಂದೇನ್ರಿ. ದೇವರ ಮುಂದ ಐತಿ."

ಕಣದ ಪಕ್ಕದ ಅವರ ಮನೆಗೆ ಹೋದರೆ, ಚೀಲಕ್ಕೆ ಅರಿಸಿನ ಕುಂಕುಮ ಹಚ್ಚಿ ಹೂವು ಇಟ್ಟಿದ್ದರು. ನಾನು ಅಲ್ಲೇ ಕುಳಿತು ಬಿಚ್ಚಿದೆ. ಪಾಸ್‌ಪೋರ್ಟ್ ಇದ್ದವು, ಟಿಕೆಟ್ ಇದ್ದವು. ಅವುಗಳ ಕೆಳಗೆ ಮಡಿಚಿಟ್ಟ ಕಂದು ಮಫ್ಲರ್.

"ಇದನ್ನ ಯಾರ ಇಟ್ರು?"

ಅತ್ತೆ ಮೊಮ್ಮಗಳ ಕಡೆ ನೋಡಿದರು. "ನಾ ಪ್ರಸ್ಥಾನ ಇಡೂ ಮುಂದ ಬಂದು, ಆಯಿ, ನಂದೂ ಇಡು, ಅವ್ವಗ ಹೇಳಬ್ಯಾಡ ಅಂತ ಇದನ್ನ ಕೊಟ್ಲು. ಯಾವ ಚೀಲದಾಗ ಹಾಕಿದೆ ಅಂತ ಅಕಿಗೂ ಹೇಳಿದ್ದಿಲ್ಲ."

ಮಗಳು ಗೋಡೆಯ ಕಡೆ ಮುಖ ಮಾಡಿದಳು. "ಅಲ್ಲಿ ಥಂಡಿ ಭಾಳ ಐತಂತ. ಅದಕ್ಕ." ನಾನು ಅವಳ ಸ್ವೆಟರಿನ ಗುಂಡಿ ಹಾಕಲು ಹೋದೆ. ಅದು ಮೊದಲೇ ಹಾಕಿತ್ತು.

ಚೀಲದಲ್ಲಿ ಇನ್ನೊಂದು ಸಾಮಾನಿತ್ತು, ಅತ್ತೆಯ ಎಲೆ ಅಡಿಕೆಯ ಸಂಚಿ. ಎರಡು ದಿನದ ಸಿಡಿಮಿಡಿಯ ಕಾರಣ ಆಗ ಗೊತ್ತಾಯಿತು. ನನಗೇನು ಕೆಲಸ ಎಂದ ಹೆಂಗಸು, ಇರಲಿ ಎಂದು ತನ್ನದೂ ಒಂದು ಸಾಮಾನು ಪ್ರಯಾಣಕ್ಕೆ ಹಚ್ಚಿತ್ತು! ಈಗ ಆಸೆಯಿಂದ ಕೈ ಚಾಚಿದರು. ಮಗ ಬಿಡಲಿಲ್ಲ. "ಆಯಿ, ಪ್ರಸ್ಥಾನ ಇಟ್ಟದ್ದು ತಿರುಗಿ ಮನಿಗೆ ಬರಬಾರದು ಅಂತ ನೀನ ಹೇಳಿದ್ದಿ."

ಫಿಟರ್ ಹೆಂಡತಿ ಬಾಡಿದ ಎಲೆಯ ಸಂಚಿ ಕಳಿಸಬಾರದೆಂದು ಅದರ ತುಂಬ ಹಸಿ ಎಲೆ ತುಂಬಿ ನನ್ನ ಮಗಳ ಕೈಗೆ ಕೊಟ್ಟಳು. ಅತ್ತೆ ನಿಯಮ ಮುರಿಯುವವರಲ್ಲ. ಸಂಚಿಯನ್ನು ಮಗಳ ಕೈಯಲ್ಲೇ ಬಿಟ್ಟು, ಅದರೊಳಗಿನ ತಂಬಾಕನ್ನಷ್ಟೇ ತೆಗೆದುಕೊಂಡರು. "ಸಂಚಿ ಹೋಗ್ಲಿ. ತಂಬಾಕ ಪ್ರಸ್ಥಾನ ಇಟ್ಟಿದ್ದಿಲ್ಲ."

ಬೆಳ್ಳನೆಯ ಊರು

ಹೆಲ್ಸಿಂಕಿಯಲ್ಲಿ ಇಳಿದಾಗ ನಾನು ಹೆದರಿದ್ದೆ. ಥಂಡಿಗಲ್ಲ. ಮಫ್ಲರ್ ತಂದದ್ದು ಸರಿ, ಇವಳು ಅಪ್ಪನ ಜೊತೆ ಮಾತಾಡುತ್ತಾಳೋ ಇಲ್ಲವೋ. ದಾರಿಯುದ್ದಕ್ಕೂ ಕೇಳಿದ್ದಕ್ಕೆ "ನೋಡೂಣು" ಎಂದಿದ್ದಳು ಅಷ್ಟೆ.

ತಪಾಸಣೆಯವನು ಅವಳ ಕೈಯಲ್ಲಿದ್ದ ಸಂಚಿಯನ್ನು ಬಿಚ್ಚಿಸಿದ. ಎಲೆ ನೋಡಿದ, ಅಡಿಕೆ ಮೂಸಿದ, ಸುಣ್ಣದ ಡಬ್ಬಿ ತೆರೆದು ಹುಬ್ಬು ಮೇಲೇರಿಸಿದ. ಇನ್ನೊಬ್ಬನನ್ನು ಕರೆದ. ಇಬ್ಬರೂ ಸುಣ್ಣವನ್ನು ನೋಡಿದರು, ನಮ್ಮನ್ನು ನೋಡಿದರು. ಮಗನ ಇಂಗ್ಲಿಷ್ ಅಲ್ಲೇ ಹೆಪ್ಪುಗಟ್ಟಿತು. ಇಲ್ಲಿಂದಲೇ ತಿರುಗಿ ಕಳಿಸುತ್ತಾರೆಂದು ನಾನು ಮನೆದೇವರಿಗೆ ಹರಕೆ ಹೊತ್ತೆ.

ಮಗಳು ಹೆದರಲಿಲ್ಲ. ಒಂದು ಎಲೆ ತೆಗೆದು, ಸ್ಕರ್ಟಿಗೆ ಒರೆಸಿ, ಆಯಿಯ ಹಾಗೆಯೇ ಸುಣ್ಣ ಸವರಿ, ಅಡಿಕೆ ಇಟ್ಟು, ಮಡಿಚಿ, ಅವರೆದುರೇ ಬಾಯಿಗೆ ಹಾಕಿಕೊಂಡು ಅಗಿದು ತೋರಿಸಿದಳು. ಜನ್ಮದಲ್ಲಿ ಮೊದಲ ಸಲ ತಿಂದದ್ದು. ಅವರು ಒಬ್ಬರ ಮುಖ ಒಬ್ಬರು ನೋಡಿ ನಕ್ಕು ಬಿಟ್ಟುಕೊಟ್ಟರು.

ಹೊರಗೆ ಯಜಮಾನರು ನಿಂತಿದ್ದರು. ಸೊರಗಿದ್ದರು, ತಲೆಗೆ ಉಣ್ಣೆಯ ಟೋಪಿ ಹಾಕಿದ್ದರು. ಸುತ್ತ ಎಲ್ಲಿ ನೋಡಿದರೂ ಹಿಮ, ಒಂದು ಕಪ್ಪು ಚುಕ್ಕೆಯೂ ಇಲ್ಲ. ಅವರು ನನ್ನನ್ನೂ ಮಗನನ್ನೂ ದಾಟಿ ಮಗಳ ಮುಂದೆ ಹೋಗಿ ನಿಂತರು.

"ಇನ್ನೂ ಸಿಟ್ಟೈತೇನವಾ?"

ಅವಳು ತುಟಿ ಬಿಗಿದು ತಲೆ ಅಲ್ಲಾಡಿಸಿದಳು.

"ನಂದ ತಪ್ಪು. ಒಂದ ಮಾತಾರ ಆಡು."

ಅವಳು ಮುಖ ಕೆಂಪಗೆ ಮಾಡಿಕೊಂಡು ಅತ್ತ ಇತ್ತ ನೋಡಿದಳು. ಯಜಮಾನರ ಕಣ್ಣಲ್ಲಿ ನೀರು ಬಂತು. ಕೊನೆಗೆ ಅವಳು ಗದ್ದ ಮೇಲಕ್ಕೆತ್ತಿ, ಚೆಲ್ಲದ ಹಾಗೆ, ಎಷ್ಟೋ ತಿಂಗಳ ಮೇಲೆ ಮೊದಲ ಮಾತು ಆಡಿದಳು.

"ಅಪ್ಪಾ, ಎಲ್ಲಿ ಉಗುಳ್ಲಿ?"

ಯಜಮಾನರು ಸುತ್ತಲಿನ ಬಿಳುಪನ್ನೆಲ್ಲ ಒಮ್ಮೆ ನೋಡಿ, ತಲೆಯ ಟೋಪಿ ತೆಗೆದು ಮಗಳ ಬಾಯಿಯ ಕೆಳಗೆ ಹಿಡಿದರು. ಬಾಯಿ ಖಾಲಿಯಾದ ಮೇಲೆ ಅವಳು ಚೀಲದಿಂದ ಕಂದು ಮಫ್ಲರ್ ತೆಗೆದು ಅವರ ಬೋಳು ತಲೆಗೆ, ಕಿವಿಗೆ, ಗದ್ದಕ್ಕೆ ಬಿಗಿಯಾಗಿ ಸುತ್ತಿದಳು.

"ಟೋಪಿ ಹೊಸಾದಿತ್ತೇನ್ರಿ?" ಎಂದು ನಾನು ಕೇಳಿದೆ.

"ಇವತ್ತ ಮೊದಲ ಸಲ ಹಾಕ್ಕೊಂಡಿದ್ದೆ" ಎಂದರು ಮಫ್ಲರಿನೊಳಗಿಂದ. "ನೀವು ಬರ್ತೀರಿ ಅಂತ."