ಎರಡು ಮೀಟರಿನ ಹದ್ದುಬಸ್ತು

ಎರಡು ಮೀಟರ್ ಎಂದರೆ ಎಷ್ಟು ಸೀಟು? ಹೆಂಡತಿಯ ತಲೆಯಿಂದ ತನ್ನ ತಲೆಗೆ ಅಳೆಯಬೇಕೋ, ಅವಳ ಕುತ್ತಿಗೆಯಿಂದ ತನ್ನ ಮೊಣಕಾಲಿಗೋ? ಮೊಣಕಾಲು ಲೆಕ್ಕಕ್ಕೆ ಬರುವುದಾದರೆ ಇನ್ನೊಂದು ಸೀಟು ಹಿಂದೆ ಸರಿಯಬೇಕಲ್ಲ?

ಬೀದರಿನಿಂದ ಭಾಲ್ಕಿಗೆ ಹೊರಟ ಬಸ್ಸಿನ ನಡುದಾರಿಯಲ್ಲಿ ನಿಂತು ಸುಶೀಲಕುಮಾರ ಹೀಗೆ ತಲೆ ಕೆಡಿಸಿಕೊಂಡಿದ್ದ. ಔರಾದದಲ್ಲಿ ಸರ್ಕಾರಿ ಸರ್ವೇಯರ್ ಅವನು. ಮಂದಿಯ ಹೊಲಗಳ ಗಡಿ ಅಳೆದು, ಕಲ್ಲು ನೆಡಿಸಿ ಹದ್ದುಬಸ್ತು ಮಾಡುವವನು. ಅನುಮಾನ ತಡೆಯಲಾರದೆ ಚೀಲದಿಂದ ಟೇಪು ತೆಗೆದು ಅಳೆದೇಬಿಟ್ಟ. ಹೆಂಡತಿ ವಿಶಾಖಾಳ ಪಕ್ಕದಲ್ಲಿ ಕೂತಿದ್ದ ಮುದುಕಿ ಶಾಂತಾಬಾಯಿ ಕಾಲು ಎತ್ತಿಕೊಂಡು ಕೇಳಿದಳು:

“ಏನಪಾ, ಬಸ್ ಮಾರ್ಲತ್ತಾರೇನು?”

ಅವನು ಟೇಪು ಸುತ್ತಿಕೊಂಡು ಹಿಂದೆ ಹೋಗಿ ಕೂತ.

ವಿಶಾಖಾಳ ಥೈರಾಯ್ಡ್ ಗಡ್ಡೆಯನ್ನು ತೆಗೆದಿದ್ದರು. ಉಳಿದ ಬೇರು ಸುಡಲು ಹೈದರಾಬಾದಿನ ದವಾಖಾನೆಯಲ್ಲಿ ವಿಕಿರಣದ ಅಯೋಡಿನ್ ಗುಳಿಗೆ ಕೊಟ್ಟಿದ್ದರು. ಅದಕ್ಕೆ ಮೊದಲು ಅಯೋಡಿನ್ ಇಲ್ಲದ ಪಥ್ಯ. ಹಾಲು, ಮೊಸರು, ತತ್ತಿ, ಬೇಕರಿ ತಿನಿಸು, ಅಂಗಡಿಯ ಪ್ಯಾಕೆಟ್ ಉಪ್ಪು ಎಲ್ಲ ಬಂದ್. ಅಯೋಡಿನ್ ಇಲ್ಲದ ಉಪ್ಪಿಗಾಗಿ ಅವನು ಭಾಲ್ಕಿಯ ಪೇಟೆಯೆಲ್ಲ ಅಲೆದಿದ್ದ. ಕೊನೆಗೆ ದನದ ಹಿಂಡಿ ಮಾರುವ ಅಂಗಡಿಯವನು ಒಂದು ಗಂಟು ಕಲ್ಲುಪ್ಪು ಕಟ್ಟಿಕೊಟ್ಟು, “ಎಷ್ಟು ಎಮ್ಮಿ ಅವರಿ?” ಎಂದಿದ್ದ. “ಒಂದೇ ರೀ” ಎಂದು ಇವನು ಹೇಳಿ ಬಂದದ್ದನ್ನು ಕೇಳಿ ವಿಶಾಖಾ ಬಿದ್ದು ಬಿದ್ದು ನಕ್ಕಿದ್ದಳು. ಕಾಯಿಲೆ ಬಂದ ಮೇಲೆ ಅವಳು ನಕ್ಕದ್ದು ಅದೊಂದೇ ಸಲ. ಸುಶೀಲಕುಮಾರ ತಾನೇ ರೊಟ್ಟಿ ಬಡಿದ, ತಾನೇ ಬೇಳೆ ಕುದಿಸಿದ, ಅವಳ ಜೊತೆ ತಾನೂ ಕರೀ ಚಹಾ ಕುಡಿದ.

ಗುಳಿಗೆ ನುಂಗಿಸಿದ ಮೇಲೆ ಅವಳನ್ನು ಒಂಟಿ ಕೋಣೆಯಲ್ಲಿಟ್ಟರು. ಕೆಲವು ದಿನ ಅವಳ ಮೈಯಿಂದಲೇ ವಿಕಿರಣ ಹೊಮ್ಮುವುದರಿಂದ ಯಾರೂ, ಅದರಲ್ಲೂ ಮಕ್ಕಳು, ಎರಡು ಮೀಟರಿನೊಳಗೆ ಬರಬಾರದು ಎಂದಿದ್ದರು. ಬಾಗಿಲ ಮುಂದಿನ ಹಳದಿ ಗೆರೆಯ ತನಕ ಹೋಗಿ ಮಾತಾಡಬಹುದು ಎಂದು ನರ್ಸ್ ಹೇಳಿದ್ದರು. ಅವನು ಗೆರೆಯ ತನಕ ಹೋಗದೆ ಕಾರಿಡಾರಿನ ಆ ತುದಿಯಲ್ಲೇ ನಿಂತು ಕೈ ಬೀಸಿದ್ದ. ಅಳತೆಯಲ್ಲಿ ಒಂದಿಷ್ಟು ಹೆಚ್ಚೇ ಇರಲಿ ಎಂಬುದು ಸರ್ವೇಯರನ ರೂಢಿ. ಮನೆಗೆ ಬಿಟ್ಟ ದಿನ ಅವಳು ಚೀಲ ಮುಂದೆ ಚಾಚಿದಾಗ, “ಕೆಳಗ ಇಡು, ನಾ ಎತ್ಕೋತೀನಿ” ಎಂದಿದ್ದ.

ಆಮೇಲೆ ಬೀದರಿನಲ್ಲಿ ಅವಳ ತಂಗಿ ಆಮ್ರಪಾಲಿಯ ಮನೆಯ ಮೇಲಿನ ಕೋಣೆಯಲ್ಲಿ ಅವಳೊಬ್ಬಳೇ ಉಳಿದಳು. ವಿಶಾಖಾ ಸಾಲಿ ಟೀಚರ್. ಮಕ್ಕಳ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ತಂಗಿಯ ಮಗಳು ಬಾಗಿಲು ಬಡಿದು “ದೊಡ್ಡವ್ವಾ” ಎಂದು ಅತ್ತರೂ ತೆರೆಯಲಿಲ್ಲ. ಒಳಗೆ ತಾನೂ ಅತ್ತಳು.

ಇವತ್ತು ಊರಿಗೆ ಹೊರಟಾಗ ಅವನು ಕೇಳಿದ್ದ: “ನಿನ್ನ ಬಾಜೂಕ ಬಸ್ಸಿನ ಮಂದಿ ಕುಂತ್ರ ನಡೀತದ, ನಾ ಯಾಕ ನಡ್ಯಂಗಿಲ್ಲ?”

“ಬಸ್ಸಿನ ಮಂದಿ ಒಂದ್ ತಾಸು ಇರ್ತಾರ್ರೀ, ನೀವು ಜಲ್ಮಪೂರ್ತಿ ಇರವ್ರು. ಮನಿಯವ್ರಿಗೆ ಇನ್ನೊಂದು ವಾರ ಅಂದಾರ ಡಾಕ್ಟರ್” ಎಂದಿದ್ದಳು. ಆಮೇಲೆ, “ಯಾರಿಗೂ ಹೇಳಬ್ಯಾಡ್ರಿ. ಎಲ್ರೂ ನನ್ನ ಮಾರಿ ನೋಡಿ ಅಳಾಕ ಶುರು ಮಾಡ್ತಾರ” ಎಂದು ಮಾತು ತೆಗೆದುಕೊಂಡಿದ್ದಳು.

ಬಸ್ಸು ಊರು ದಾಟಿತು. ಸುಶೀಲಕುಮಾರ ಫೋನು ತೆಗೆದು ಹಚ್ಚಿದ. ನಾಲ್ಕು ಸೀಟು ಮುಂದೆ ವಿಶಾಖಾಳ ಫೋನು ರಿಂಗಾಯಿತು.

“ವಾಂತಿ ಬಂದಂಗ ಆಗ್ಲತ್ತದೇನು?”

“ಇಲ್ರಿ.”

“ನೀರು ಕಳಸ್ಲಿ?”

“ಕಳಸ್ರಿ.”

ನೀರಿನ ಬಾಟಲಿ ಮಂದಿಯ ಕೈಯಿಂದ ಕೈಗೆ ದಾಟಿ, ಮದುವೆ ಮನೆಯ ಅಕ್ಷತೆ ತಟ್ಟೆಯ ಹಾಗೆ ಮೆರವಣಿಗೆ ಹೋಯಿತು. ಅವನ ಪಕ್ಕದಲ್ಲಿ ಕೂತಿದ್ದ ಪಂಢರಿ ಫೋನನ್ನೊಮ್ಮೆ, ಬಾಟಲಿಯನ್ನೊಮ್ಮೆ, ಇವನ ಮುಖವನ್ನೊಮ್ಮೆ ನೋಡಿದ.

“ಸಾಹೇಬ್ರ, ನೀವು ಔರಾದ ಸರ್ವೇದವ್ರಲ್ಲೇನ್ರಿ? ನನ್ನ ಹೊಲ ಅಳೆದಿದ್ರಿ.” ಹೂಂ ಎನ್ನುವಷ್ಟರಲ್ಲಿ ಪಂಢರಿ ಎದ್ದು ನಿಂತು ಬಸ್ಸಿಗೆಲ್ಲ ಕೇಳುವಂತೆ ಸಾರಿದ: “ನೋಡ್ರಪಾ! ನನಗೂ ನನ್ನ ತಮ್ಮಗೂ ಹದ್ದುಬಸ್ತು ಮಾಡಿದ್ರು ಇವ್ರು. ಈಗ ಹೇಣ್ತಿಗೂ ಹದ್ದುಬಸ್ತು ಮಾಡ್ಯಾರ!”

ಬಸ್ಸೆಲ್ಲ ನಕ್ಕಿತು. ಶಾಂತಾಬಾಯಿ ವಿಶಾಖಾಳ ಗಲ್ಲ ಹಿಡಿದು ಕೇಳಿದಳು: “ಹೊಡದಾನೇನವ್ವಾ? ಕುತ್ತಿಗಿ ಮ್ಯಾಲ ಗಾಯ ಅದ ನೋಡು.”

“ಇಲ್ಲ ಆಯೀ” ಎಂದು ಅವಳು ಸೆರಗು ಎಳೆದುಕೊಂಡಳು. ಅದು ಗಡ್ಡೆ ತೆಗೆದ ಗಾಯ. ಸೆರಗು ಎಳೆದುಕೊಂಡದ್ದೇ ಸಾಕ್ಷಿಯಾಯಿತು.

“ಓದಿದ ಮಂದೀನೇ ಹಿಂಗ” ಎಂದಳು ಶಾಂತಾಬಾಯಿ. “ಏ ಬಾರಪಾ, ಇಲ್ಲಿ ಕುಂದ್ರು. ನಾ ಏಳ್ತೀನಿ.”

“ಬ್ಯಾಡ್ರಿ ಆಯೀ, ನನಗ ಇಲ್ಲೇ ಆರಾಮ ಅದ.”

ಟಿಕೆಟ್ ಹರಿಯುತ್ತ ಬಂದ ಕಂಡಕ್ಟರ್ ಕಲೀಮ ತೀರ್ಪು ಕೊಟ್ಟ: “ಅರೆ ಸಾಬ್, ಲೇಡೀಜಿಗೆ ಟಿಕೆಟ್ ಫ್ರೀ ಅದ, ಗಂಡ ಬಾಜೂಕ ಕುಂತ್ರೂ ಫ್ರೀನೇ. ಹೋಗ್ರಿ.” ಪಂಢರಿ ಅವನ ರಟ್ಟೆ ಹಿಡಿದು ಎತ್ತಿದ. ಅವನು ಕಂಬಿಯನ್ನು ಅಪ್ಪಿಕೊಂಡ. ಇಬ್ಬರು ಎಳೆದರು, ಒಬ್ಬ ಬೆರಳು ಬಿಡಿಸಿದ. ಹೋರಿಯನ್ನು ಲಾರಿಗೆ ಹತ್ತಿಸುವಂತೆ ಅವನನ್ನು ಮುಂದೆ ಸಾಗಿಸುತ್ತಿರುವಾಗಲೇ ದಾರಿಯ ಹಲಬರ್ಗಾ ಊರು ಬಂತು.

ಅಲ್ಲಿ ಒಬ್ಬ ಹೆಂಗಸು ಒಂದು ಕೈಯಲ್ಲಿ ಗಂಟು, ಇನ್ನೊಂದರಲ್ಲಿ ಕೂಸು ಹಿಡಿದು ಹತ್ತಿದಳು. ನಿಲ್ಲಲೂ ಜಾಗವಿರಲಿಲ್ಲ. ಅಂಥಲ್ಲಿ ಎಲ್ಲರೂ ಮಾಡುವುದನ್ನೇ ಅವಳೂ ಮಾಡಿದಳು. “ಅಕ್ಕಾ, ಜರಾ ಹಿಡೀರಿ” ಎಂದು ಕೂಸನ್ನು ಹತ್ತಿರದ ಮಡಿಲಿಗೆ ಚಾಚಿದಳು. ಆ ಮಡಿಲು ವಿಶಾಖಾಳದು.

“ಬ್ಯಾಡ!” ಸುಶೀಲಕುಮಾರ ಕಿರುಚಿದ. “ಕೂಸು ಕೊಡಬ್ಯಾಡ್ರಿ! ಮುಟ್ಟಸಬ್ಯಾಡ್ರಿ!”

ಆ ಹೆಂಗಸಿನ ಮುಖ ಸಣ್ಣದಾಯಿತು. “ಯಾಕ್ರಿ, ನಮ್ಮ ಕೂಸು ಮುಟ್ಟಿದ್ರ ಏನ್ ಆಗ್ತದ?”

ಮುಟ್ಟಬೇಡ ಎಂಬ ಮಾತನ್ನು ಸುಶೀಲಕುಮಾರನ ಮನೆತನ ಎಷ್ಟೋ ತಲೆಮಾರು ಕೇಳಿಸಿಕೊಂಡಿತ್ತು. ಅದನ್ನು ಇನ್ನೊಬ್ಬರಿಗೆ ಹೇಳಿದ್ದು ಇವತ್ತೇ ಮೊದಲು. ಕಾರಣ ಹೇಳುವಂತಿರಲಿಲ್ಲ.

ಆಗ ವಿಶಾಖಾ ಎರಡೂ ಕೈ ಚಾಚಿದಳು.

“ಕೊಡವ್ವಾ, ಇಲ್ಲಿ. ಏನೂ ಆಗಂಗಿಲ್ಲ.”

ಕೂಸನ್ನು ಮಡಿಲಲ್ಲಿ ಕೂರಿಸಿಕೊಂಡಳು. ಅದರ ನೆತ್ತಿಗೆ ಮುಖ ಒತ್ತಿ, ಬಹಳ ದಿನ ಉಪವಾಸ ಇದ್ದವರು ಅನ್ನದ ವಾಸನೆ ಹೀರುವಂತೆ ಉಸಿರೆಳೆದುಕೊಂಡಳು.

ಸುಶೀಲಕುಮಾರ ನೋಡಿದ. ಸ್ವಂತ ತಂಗಿಯ ಮಗಳಿಗೆ ಬಾಗಿಲು ತೆರೆಯದವಳು ಇವಳು. ಅವನ ಕೈಕಾಲಿನ ಬಿಗಿ ಸಡಿಲಿತು. ಅಷ್ಟೇ ಸಾಕಾಯಿತು, ಪಂಢರಿ ಅವನನ್ನು ಶಾಂತಾಬಾಯಿ ಬಿಟ್ಟುಕೊಟ್ಟ ಜಾಗದಲ್ಲಿ ಕುಕ್ಕಿದ. ಬಸ್ಸಿನಲ್ಲಿ ಚಪ್ಪಾಳೆ ಬಿತ್ತು. ಶಾಂತಾಬಾಯಿ ಕಣ್ಣೊರೆಸಿಕೊಂಡಳು.

ಕೂಸು ಅವನ ಅಂಗಿಯ ಗುಂಡಿ ಹಿಡಿದು ಎಳೆಯುತ್ತಿತ್ತು.

“ದೂರ ಇರೋ ದಿನ ಯಾವಾಗ ಮುಗೀತು?” ಅವನು ಮೆಲ್ಲಗೆ ಕೇಳಿದ.

“ಮೊನ್ನೇನೇ. ಡಾಕ್ಟರಿಗೆ ಫೋನ್ ಮಾಡಿ ಕೇಳಿದ್ದೆ. ಇನ್ನ ಯಾರಿಗೂ ಏನೂ ತ್ರಾಸಿಲ್ಲ ಅಂದ್ರು.”

“ಮತ್ತ ನನಗ್ಯಾಕ ಇನ್ನೊಂದು ವಾರ ಅಂದಿ?”

ಅವಳು ಕಿಟಕಿಯಾಚೆ ಕಬ್ಬಿನ ಹೊಲಗಳನ್ನು ನೋಡುತ್ತಿದ್ದಳು. ಸಿಟ್ಟಿರಲಿಲ್ಲ ದನಿಯಲ್ಲಿ.

“ನಿಮಗ ಅನುಕೂಲ ಆಗ್ಲಿ ಅಂತ.”

ಅವನಿಗೆ ಹಳದಿ ಗೆರೆ ನೆನಪಾಯಿತು. ಗೆರೆಗೂ ತನಗೂ ನಡುವೆ ಖಾಲಿ ಬಿದ್ದಿದ್ದ ಕಾರಿಡಾರು ನೆನಪಾಯಿತು. ಕೋಣೆಯ ಬಾಗಿಲ ಗಾಜಿನ ಕಿಂಡಿಯ ಹಿಂದೆ ನಿಂತು ಅವಳೂ ಅದನ್ನು ಅಳೆದಿದ್ದಳು. ಟೇಪು ಬೇಕಾಗಿರಲಿಲ್ಲ ಅವಳಿಗೆ.

ಭಾಲ್ಕಿ ಬಂತು. ಕೂಸು ತಾಯಿಯ ಕೈಗೆ ಹೋಯಿತು. ಮೊದಲು ಇಳಿದ ಸುಶೀಲಕುಮಾರನಿಗೆ ಪಂಢರಿ ಕಿಟಕಿಯಿಂದ ಕೂಗಿದ: “ಸಾಹೇಬ್ರ, ಹದ್ದಿನ ಕಲ್ಲು ಕಿತ್ತು ಒಗದೀವಿ, ಮತ್ತ ಹುಗೀಬ್ಯಾಡ್ರಿ!” ಅವನೂ ಒಣನಗೆ ನಕ್ಕ.

ವಿಶಾಖಾ ಮೆಟ್ಟಿಲು ಇಳಿದು ಬಂದು, ಭಾರದ ಚೀಲವನ್ನು ಅವನತ್ತ ಚಾಚಿದಳು. ಅವನು ಕೈ ನೀಡಬೇಕೆಂದೇ ಇದ್ದ. ಆದರೆ ಇಷ್ಟು ದಿನದ ರೂಢಿಗೆ ಬಿದ್ದಿದ್ದ ಕಾಲುಗಳು ತಾವಾಗಿಯೇ ಹಿಂದೆ ಸರಿದವು.

ಅವಳು ಒಂದು ಗಳಿಗೆ ನಿಂತಳು. ಆಮೇಲೆ ಚೀಲವನ್ನು ನೆಲದ ಮೇಲಿಟ್ಟು ಮನೆಯ ದಾರಿ ಹಿಡಿದಳು.

ಅವನು ಚೀಲ ಎತ್ತಿಕೊಂಡು ಹಿಂದೆಯೇ ನಡೆದ. ತನಗೆ ಹೆದರಿಕೆಯಾಗಿತ್ತು ಎಂದು ಅವನು ಅವಳಿಗೆ ಎಂದೂ ಹೇಳಲಿಲ್ಲ.