ಸ್ಟರ್ಜನ್ ಬೆಂಡ್ ಕಾಲೇಜಿನ ಮೊದಲ ದಿನದ ಘಟಿಕೋತ್ಸವ

ಸ್ಟರ್ಜನ್ ಬೆಂಡ್ ಕಮ್ಯುನಿಟಿ ಕಾಲೇಜಿಗೆ ಸೇರಿದವರಲ್ಲಿ ಹೆಚ್ಚಿನವರು ಓದು ಮುಗಿಸುವುದಿಲ್ಲವೆಂಬುದು ಬಹುಕಾಲದಿಂದ ಎಲ್ಲರಿಗೂ ತಿಳಿದ ಸಂಗತಿಯಾಗಿದ್ದು, ಅದರಿಂದ ಯಾರಿಗೂ ಯಾವ ತೊಂದರೆಯೂ ಆಗಿರಲಿಲ್ಲ. ಓದು ಬಿಟ್ಟವರಿಗೆ ಆಗಿದ್ದರೆ ಆಗಿದ್ದೀತು. ಅವರು ಹೇಗೂ ಬಿಟ್ಟು ಹೋದವರಾದ್ದರಿಂದ ಅದು ಕಾಲೇಜಿನ ಗಮನಕ್ಕೆ ಬಂದಿರಲಿಲ್ಲ.

ತೊಂದರೆ ಶುರುವಾದದ್ದು ರಾಜ್ಯದ ಶಾಸನಸಭೆ ಹೊಸ ಕಾನೂನು ಮಾಡಿದ ಮೇಲೆ. ಇನ್ನು ಮುಂದೆ ಅನುದಾನವನ್ನು ಸೇರಿದವರ ತಲೆ ಎಣಿಸಿ ಅಲ್ಲ, ಮುಗಿಸಿದವರ ತಲೆ ಎಣಿಸಿ ಕೊಡತಕ್ಕದ್ದು ಎಂದಾಯಿತು. ಕಾಲೇಜಿನ ಅಧ್ಯಕ್ಷ ಡಾ. ಮೆರಿಲ್ ಹೋಸ್ಕಿನ್ಸ್ ಕೂಡಲೇ ಒಂದು ಸಮಿತಿ ರಚಿಸಿದರು.

ಸಮಿತಿ ವಿಚಾರಣೆಗೆ ಕರೆದವರಲ್ಲಿ ರೋಂಡಾ ಟ್ವೀಟೆನ್ ಒಬ್ಬಳು. ಊರಿನ ವೃದ್ಧಾಶ್ರಮದಲ್ಲಿ ಆಯಾ. ಮುದುಕರನ್ನು ಎತ್ತಿ ಕೂರಿಸಿ, ಒರೆಸಿ, ಹೊದಿಸಿ ಅವಳ ಕೈ ಪಳಗಿತ್ತು. ತಾನು ಎತ್ತುವ ಮೈಯೊಳಗೆ ಏನೇನಿದೆ ಎಂದು ಕಲಿತು ನರ್ಸ್ ಆಗಬೇಕೆಂಬುದು ಅವಳ ಹಟ. ಎರಡು ಸಲ ಸೇರಿ ಎರಡು ಸಲವೂ ಬಿಟ್ಟಿದ್ದಳು. ಮೊದಲ ಸಲ ಕಾರಿನ ಗೇರ್‌ಬಾಕ್ಸ್ ಕೈಕೊಟ್ಟಿತ್ತು, ಎರಡನೆಯ ಸಲ ಮಗಳು ಕ್ಲಾರಿಸ್‌ಗೆ ಕಾಯಿಲೆ. ಈಗ ರೋಂಡಾಗೆ ನಲವತ್ತೊಂದು ವರ್ಷ. ಈ ಸಲವೂ ತಪ್ಪಿದರೆ ಇನ್ನು ಆ ಮಾತೇ ಬೇಡ ಎಂದು ತನಗೆ ತಾನೇ ಹೇಳಿಕೊಂಡಿದ್ದಳು.

"ಕ್ಲಾಸು ಬಿಡೋದು ಎಂಟಕ್ಕೆ, ಕೊನೇ ಬಸ್ಸು ಆರಕ್ಕೆ ಸರ್," ಎಂದಳು ಸಮಿತಿಯ ಮುಂದೆ. "ಮಗೂನ ನೋಡ್ಕೊಳ್ಳೋಕೂ ಯಾರೂ ಇಲ್ಲ."

ಸಮಿತಿ ಇದನ್ನು ಸಹಾನುಭೂತಿಯಿಂದ ಪರಿಶೀಲಿಸಿತು. ಬಸ್ಸು ಸಾರಿಗೆ ಇಲಾಖೆಗೆ ಸೇರಿದ್ದು, ಮಗು ತಾಯಿಗೆ ಸೇರಿದ್ದು. ಎರಡೂ ಶಿಕ್ಷಣನೀತಿಯ ವ್ಯಾಪ್ತಿಗೆ ಬಾರದಿದ್ದರಿಂದ ಕೈಬಿಡಲಾಯಿತು. ಆದರೆ ಕಡತಗಳನ್ನು ಕೂಲಂಕಷವಾಗಿ ನೋಡಿದಾಗ ಯಾರಿಗೂ ಹೊಳೆಯದಿದ್ದ ಸತ್ಯವೊಂದು ಸಮಿತಿಗೆ ಹೊಳೆಯಿತು. ಓದು ಬಿಟ್ಟವರೆಲ್ಲರೂ, ಒಬ್ಬರೂ ತಪ್ಪದೆ, ಮೊದಲ ದಿನಕ್ಕೂ ಕೊನೆಯ ದಿನಕ್ಕೂ ನಡುವೆಯೇ ಬಿಟ್ಟಿದ್ದರು.

ಆಗಸ್ಟ್ ತಿಂಗಳಲ್ಲಿ ಪ್ರಕಟಣೆ ಹೊರಬಿತ್ತು:

"ಸರ್ವರಿಗೂ ತಿಳಿಯಪಡಿಸುವುದೇನೆಂದರೆ, ವಿದ್ಯಾರ್ಥಿಗಳ ವೈಫಲ್ಯಕ್ಕೆ ಏಕೈಕ ಕಾರಣವೆಂದು ಸಾಬೀತಾಗಿರುವ ನಡುವಿನ ಅವಧಿಯನ್ನು ಈ ಸಾಲಿನಿಂದ ರದ್ದುಪಡಿಸಲಾಗಿದೆ. ಘಟಿಕೋತ್ಸವವು ಪ್ರವೇಶದ ದಿನದಂದೇ ನಡೆಯುವುದು. ನಿಲುವಂಗಿಗಳನ್ನು ಸಂಜೆಯೊಳಗೆ ಹಿಂತಿರುಗಿಸತಕ್ಕದ್ದು."

ಪ್ರವೇಶದ ದಿನ ರೋಂಡಾ ಹೊಸ ಪೆನ್ನು ಕೊಂಡು ಬಂದಿದ್ದಳು. ಅದರ ಮುಚ್ಚಳ ತೆಗೆಯುವ ಮೊದಲೇ ಅವಳ ಮೈಮೇಲೆ ಕಪ್ಪು ನಿಲುವಂಗಿ, ತಲೆಮೇಲೆ ಚಪ್ಪಟೆ ಟೋಪಿ ಬಂದವು, ವಾದ್ಯದವರು ಬಾರಿಸಿದರು, ಡಾ. ಹೋಸ್ಕಿನ್ಸ್ ಕೈ ಕುಲುಕಿ, "ನಿಮ್ಮ ದೀರ್ಘ ಪರಿಶ್ರಮಕ್ಕೆ ಅಭಿನಂದನೆ," ಎಂದರು. ಬಸ್ಸಿಳಿದು ಇಪ್ಪತ್ತು ನಿಮಿಷ ನಡೆದದ್ದು ನಿಜವಾದ್ದರಿಂದ ರೋಂಡಾ ಥ್ಯಾಂಕ್ಸ್ ಹೇಳಿದಳು.

ಆಮೇಲೆ ನೋಂದಣಿ ಕೌಂಟರಿಗೆ ಹೋದಳು. ಅಲ್ಲಿ ಕೂರುವ ಬೆವ್ ಅವಳ ಹಳೆಯ ಗೆಳತಿ.

"ದೇಹರಚನೆ ಕ್ಲಾಸು ಯಾವ ರೂಮಲ್ಲೇ ಬೆವ್?"

"ಯಾವ ಕ್ಲಾಸು ಚಿನ್ನಾ? ನಿಂದು ಮುಗೀತಲ್ಲ. ಫೋಟೋದಲ್ಲಿ ಚೆನ್ನಾಗಿ ಬಂದಿದ್ದೀಯ."

"ನನಗೆ ಒಂದು ಮೂಳೆ ಹೆಸರೂ ಗೊತ್ತಿಲ್ಲ ಕಣೇ!"

"ಅದು ನಿನ್ನ ಸ್ವಂತ ವಿಷಯ. ರೂಲು ಓದ್ಲಾ?" ಬೆವ್ ಕನ್ನಡಕ ಏರಿಸಿ ಓದಿದಳು: "ಕಲಿತು ಮುಗಿಸಿದವರಿಗೆ ಪುನಃ ಕಲಿಸುವುದು ಸಾರ್ವಜನಿಕ ಹಣದ ದುರುಪಯೋಗ."

"ಪಾಠ ಮಾಡೋ ಕ್ನಟ್ಸನ್ ಸರ್?"

"ಅವರನ್ನ ಟೋಪಿ ವಿಭಾಗಕ್ಕೆ ಹಾಕಿದ್ದಾರೆ."

ಆರ್ಲೋ ಕ್ನಟ್ಸನ್ ಮೂವತ್ತು ವರ್ಷ ದೇಹರಚನೆ ಕಲಿಸಿದವರು. ಈಗ ನೆಲಮಾಳಿಗೆಯಲ್ಲಿ ಟೋಪಿಗಳನ್ನು ತಲೆಯ ಅಳತೆಗೆ ತಕ್ಕಂತೆ ಜೋಡಿಸುತ್ತಿದ್ದರು. ಖಾಲಿಯಾದ ಕ್ಲಾಸ್‌ರೂಮುಗಳನ್ನು ಕಾಲೇಜು ಹಿಮಬಂಡಿ ನಿಲ್ಲಿಸಲು ಬಾಡಿಗೆಗೆ ಕೊಟ್ಟಿತ್ತು.

"ಪಾಠ ಮಾಡಿದರೆ ನನ್ನ ಕೆಲಸ ಹೋಗುತ್ತಮ್ಮಾ," ಎಂದರು ಆರ್ಲೋ, ಹುಡುಕಿಕೊಂಡು ಕೆಳಗಿಳಿದು ಬಂದ ರೋಂಡಾಗೆ.

"ಹಾಗಾದ್ರೆ ನನ್ನ ಗತಿ ಏನು ಸರ್? ಈ ಕಾಗದ ಹಿಡ್ಕೊಂಡು ಮುದುಕರಿಗೆ ಸೂಜಿ ಚುಚ್ಚಲಾ?"

ಹಿಂದೆಯೇ ಇಳಿದು ಬಂದಿದ್ದ ಬೆವ್ ಬಾಗಿಲಿಗೆ ಒರಗಿ ನಿಂತಳು. "ಹಳೇ ವಿದ್ಯಾರ್ಥಿಗಳು ಸಮ್ಮಿಲನ ಮಾಡ್ಕೊಂಡ್ರೆ ಕಾಲೇಜು ಹಾಲ್ ಪುಕ್ಕಟೆ ಕೊಡಬೇಕು. ಆ ರೂಲು ಇನ್ನೂ ಇದೆ."

"ನಾವು ಪಾಸಾಗಿ ಎರಡು ಗಂಟೆ ಆಯ್ತಷ್ಟೆ."

"ಎಷ್ಟು ಹಳಬರಾಗಿರಬೇಕು ಅಂತ ಅದರಲ್ಲಿ ಬರೆದಿಲ್ಲ."

ಹಾಗೆ ಮುಂದಿನ ಮಂಗಳವಾರ ಸಂಜೆ ನರ್ಸಿಂಗ್ ಪದವೀಧರರ ಮೊದಲ ಸಮ್ಮಿಲನ ನಡೆಯಿತು. ಆ ಊರಲ್ಲಿ ಸಮ್ಮಿಲನವೆಂದರೆ ಪ್ರತಿಯೊಬ್ಬರೂ ಮನೆಯಿಂದ ಒಂದು ಪಾತ್ರೆ ಅಡುಗೆ ಹೊತ್ತು ಬರಬೇಕು. ಬರಿಗೈಯಲ್ಲಿ ಬಂದವರ ಮಾತನ್ನು ಎರಡು ತಲೆಮಾರು ಆಡಿಕೊಳ್ಳುತ್ತಾರೆ. ರೋಂಡಾ ಬೆಣ್ಣೆ ಹಾಕಿ ಓವನ್ನಿನಲ್ಲಿ ಬೇಯಿಸಿದ ಆಲೂಗಡ್ಡೆಯ ಖಾದ್ಯ, ಹಾಟ್‌ಡಿಶ್, ತಂದಳು. ಯಾರೋ ಜೆಲ್ಲಿ ಸಲಾಡ್, ಯಾರೋ ಬಿಸಿ ಬನ್ನು. ಆರ್ಲೋ ಒಂದು ಅಸ್ಥಿಪಂಜರ ತಂದು, ಇವರೂ ಹಳೆಯ ವಿದ್ಯಾರ್ಥಿಯೇ ಎಂದು ಕಾವಲುಗಾರನಿಗೆ ಪರಿಚಯಿಸಿದರು. ಕಾವಲುಗಾರ ಅದಕ್ಕೂ ಹೆಸರಿನ ಚೀಟಿ ಅಂಟಿಸಿದ.

"ಪ್ರಿಯ ಮಿತ್ರರೇ," ಎಂದು ಆರ್ಲೋ ಶುರು ಮಾಡಿದರು, "ಇದು ತೊಡೆಯ ಮೂಳೆ. ಮೈಯಲ್ಲೆಲ್ಲ ಉದ್ದನೆಯದು. ನೆನಪಿದೆ ತಾನೆ?"

"ನಾನು ಇವತ್ತೇ ಮೊದಲ ಸಲ ಕೇಳ್ತಿರೋದು ಸರ್," ಎಂದ ಡ್ವೇನ್. ಗರಗಸದ ಮಿಲ್ಲಿನಲ್ಲಿ ದುಡಿಯುವ ಆರಡಿ ಆಳು.

"ಹಾಗನ್ನಬಾರದು ಡ್ವೇನ್. ಮರೆತುಹೋಗಿದೆ ಅನ್ನಬೇಕು."

"ಪೂರ್ತಿ ಮರೆತುಹೋಗಿದೆ ಸರ್."

"ಪರವಾಗಿಲ್ಲ. ಆಹಾ, ಎಂಥಾ ದಿನಗಳವು! ಈಗ ಇದು ಮೊಣಕಾಲ ಚಿಪ್ಪು."

ವಾರಕ್ಕೆರಡು ಸಂಜೆ ಹೀಗೆ ಹಳೆಯ ದಿನಗಳ ಮೆಲುಕು ನಡೆಯಿತು. ಸಮ್ಮಿಲನವಾದ್ದರಿಂದ ಮಕ್ಕಳನ್ನು ಕರೆತರಬಹುದಿತ್ತು. ಕ್ಲಾರಿಸ್ ಮೇಜಿನ ಕೆಳಗೆ ಕೂತು ಪಕ್ಕೆಲುಬು ಎಣಿಸುತ್ತಿದ್ದಳು. ಒಲೆಯಿಂದ ಇಳಿಸಿದ ಪಾತ್ರೆ ಹಿಡಿದು ಬಸ್ಸಿಗೆ ಕಾಯಲಾಗುವುದಿಲ್ಲವೆಂದು ಡ್ವೇನ್ ತನ್ನ ವ್ಯಾನಿನಲ್ಲಿ ಎಲ್ಲರನ್ನೂ ಕೂರಿಸಿಕೊಂಡು ಬಂದು, ಖಾಲಿ ಪಾತ್ರೆಗಳ ಸಮೇತ ಮನೆ ಮುಟ್ಟಿಸುತ್ತಿದ್ದ. ಹಿಮ ಸುರಿದ ದಿನವೂ ಒಬ್ಬರೂ ತಪ್ಪಿಸಲಿಲ್ಲ. ಪಾಠ ತಪ್ಪಿಸಿದರೆ ಯಾರೂ ಕೇಳುವುದಿಲ್ಲ. ಸಲಾಡಿನ ಸರದಿ ತಪ್ಪಿಸಿದರೆ ಮನೆಗೇ ಬಂದು ಕೇಳುತ್ತಾರೆ.

ಅತ್ತ ಕಾಲೇಜಿನ ಪೂರ್ಣಗೊಳಿಸುವಿಕೆಯ ಪ್ರಮಾಣ ನೂರಕ್ಕೆ ನೂರಾಯಿತು. ರಾಜಧಾನಿಯಲ್ಲಿ ಸಂತೋಷವಾಯಿತು, ಆಮೇಲೆ ಸ್ವಲ್ಪ ಅನುಮಾನವೂ ಆಯಿತು. ಮಾರ್ಚಿನಲ್ಲಿ ಉನ್ನತ ಶಿಕ್ಷಣ ಆಯುಕ್ತರ ಕಚೇರಿಯಿಂದ ಪರಿವೀಕ್ಷಕಿ ಯೂನಿಸ್ ವ್ಯಾಂಡರ್ಪೂಲ್ ಬಂದರು. ಸಮ್ಮಿಲನದ ಹಾಲ್ ಕಡೆಯಿಂದ ಬೆಣ್ಣೆಯ ವಾಸನೆ ಬಂದದ್ದರಿಂದ ನೇರ ಅಲ್ಲಿಗೇ ನಡೆದರು. ಹಿಂದೆ ಡಾ. ಹೋಸ್ಕಿನ್ಸ್ ಬೆವರುತ್ತಾ ಬಂದರು. ಒಳಗೆ ರೋಂಡಾ, ಕೈಯಲ್ಲಿ ಪ್ಲಾಸ್ಟಿಕ್ಕಿನ ಹೃದಯ ಹಿಡಿದು, ರಕ್ತ ಯಾವ ಕೋಣೆಯಿಂದ ಯಾವ ಕೋಣೆಗೆ ಹೋಗುತ್ತದೆಂದು ಹೇಳುತ್ತಿದ್ದಳು.

"ನೀವಿಲ್ಲಿ ಓದ್ತಾ ಇದ್ದೀರಾ?" ಎಂದು ಪರಿವೀಕ್ಷಕಿ ಕೇಳಿದರು.

ಆರ್ಲೋ ಕಣ್ಣು ಮುಚ್ಚಿಕೊಂಡರು. ಹೌದೆಂದರೆ ನರ್ಸ್ ಆಗಲು ಬೇಸಿಗೆಯಲ್ಲಿ ಬರೆಯಬೇಕಾದ ದಾದಿ ಪರೀಕ್ಷೆಯವರೆಗೂ ಈ ಸಮ್ಮಿಲನ ಉಳಿಯುವುದಿಲ್ಲವೆಂದು ರೋಂಡಾಗೆ ಗೊತ್ತಿತ್ತು.

"ಛೆ ಛೆ, ಇಲ್ಲ ಮೇಡಂ," ಎಂದಳು ಹೃದಯವನ್ನು ಎದೆಗೊತ್ತಿಕೊಂಡು. "ಓದೆಲ್ಲ ಆಗಸ್ಟಲ್ಲೇ ಮುಗೀತು. ಆ ದಿನಗಳನ್ನ ಮರೆಯೋಕಾಗ್ತಿಲ್ಲ, ಅದಕ್ಕೇ ಸೇರ್ತೀವಿ."

"ವಾರಕ್ಕೆ ಎರಡು ಸಲ?"

"ಸಂಕಟ ತಡೆಯೋಕಾಗಲ್ಲ ಮೇಡಂ. ಸ್ವಲ್ಪ ಹಾಟ್‌ಡಿಶ್ ಹಾಕಲಾ?"

ಪರಿವೀಕ್ಷಕಿ ಎರಡು ಸಲ ಹಾಕಿಸಿಕೊಂಡರು. ಇಂಥ ಅಭಿಮಾನವನ್ನು ರಾಜ್ಯದ ಯಾವ ಕಾಲೇಜಿನಲ್ಲೂ ಕಂಡಿಲ್ಲವೆಂದು ವರದಿ ಬರೆದರು. ಅದರ ಆಧಾರದ ಮೇಲೆ ರಾಜ್ಯವು ಗತಸ್ಮರಣೆ ಅನುದಾನವೆಂಬ ಹೊಸ ಯೋಜನೆ ಹೊರಡಿಸಿತು. ಕ್ನಟ್ಸನ್ನರನ್ನು ಟೋಪಿ ವಿಭಾಗದಿಂದ ಬಿಡಿಸಿ ಮುಖ್ಯ ಸ್ಮರಣಾಧಿಕಾರಿಯಾಗಿ ನೇಮಿಸಲಾಯಿತು. ವೆಲ್ಡಿಂಗ್ ಪದವೀಧರರು, ಲೆಕ್ಕಪತ್ರದ ಪದವೀಧರರು, ಎಲ್ಲರೂ ಪಾತ್ರೆ ಹೊತ್ತು ಬರತೊಡಗಿದರು. ಜಾಗ ಸಾಲದೆ ಹಿಮಬಂಡಿಗಳನ್ನು ಹೊರಗೆ ತಳ್ಳಲಾಯಿತು. ತಮ್ಮ ನೀತಿ ಫಲಿಸಿತೆಂದು ಶಾಸಕರು ಒಬ್ಬರನ್ನೊಬ್ಬರು ಸನ್ಮಾನಿಸಿಕೊಂಡರು.

ಬೇಸಿಗೆಯಲ್ಲಿ ರೋಂಡಾ ದಾದಿ ಪರೀಕ್ಷೆ ಬರೆದು ಒಂದೇ ಏಟಿಗೆ ಪಾಸಾದಳು. ವೃದ್ಧಾಶ್ರಮದಲ್ಲಿ ನರ್ಸ್ ಹುದ್ದೆ ಖಾಲಿಯಿತ್ತು. ಪದವಿಪತ್ರಕ್ಕೆ ಚೌಕಟ್ಟು ಹಾಕಿಸಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮೇಲ್ವಿಚಾರಕಿ ಆಸ್ಟ್ರಿಡ್ ಮುಂದೆ ಕೂತಳು. ಆಸ್ಟ್ರಿಡ್ ಪದವಿಪತ್ರವನ್ನು ನೋಡದೆ ಪಕ್ಕಕ್ಕೆ ಸರಿಸಿದಳು.

"ಇದು ನಮ್ಮ ಪೋಸ್ಟ್‌ಮ್ಯಾನ್ ಹತ್ರಾನೂ ಇದೆ ಕಣೇ. ಸಮ್ಮಿಲನಕ್ಕೆ ಏನು ತಗೊಂಡು ಹೋಗ್ತಿದ್ದೆ, ಅದು ಹೇಳು."

"ಆಲೂಗಡ್ಡೆ ಹಾಟ್‌ಡಿಶ್."

"ಯಾವಾಗಾದ್ರೂ ತಪ್ಪಿಸಿದ್ದುಂಟಾ?"

"ಒಂದು ಸಲಾನೂ ಇಲ್ಲ."

"ಸರಿ," ಎಂದು ಆಸ್ಟ್ರಿಡ್ ನರ್ಸ್ ಬಿಲ್ಲೆಯನ್ನು ಮೇಜಿನ ಮೇಲಿಟ್ಟಳು. "ನಾಳೆ ಬೆಳಿಗ್ಗೆ ಏಳಕ್ಕೆ ಬಾ."